ಮನೆಬಾಗಿಲಿಗೆ ಬರುವ ಹಬ್ಬದಾಟಗಳು

ವರ್ಷದ ಗೊತ್ತಾದ ಹಬ್ಬದಲ್ಲಿ ಹೆಚ್ಚಾಗಿ ಊರಿನವರೇ ಕೆಲವರು ಸೇರಿ, ವೇಷ ಕಟ್ಟಿಯೋ ದೀಪ ಹಿಡಿದೋ ಮನೆಮನೆಗೆ ಹೋಗಿ, ಅಂಗಳದಲ್ಲಿ ಕೆಲಹೊತ್ತು ಹಾಡಿ ಕುಣಿದು ಮಾತುಕತೆ ನಡೆಸಿ, ಕೊಟ್ಟದ್ದನ್ನು ಪಡೆದು, ಮನೆಯವರನ್ನು ಹರಸಿ ಮುಂದಕ್ಕೆ ಸಾಗುವ ಜನಪದ ಪ್ರದರ್ಶನಗಳು. ಮಲೆನಾಡಿನ ಅಂಟಿಕೆ-ಪಂಟಿಕೆ, ಕರಾವಳಿಯ ಹೂವಿನಕೋಲು, ತುಳುನಾಡಿನ ಆಟಿ ಕಳೆಂಜ ಮತ್ತು ಪುರುಷರ ಕುಣಿತ, ಉತ್ತರ ಕನ್ನಡದ ಸುಗ್ಗಿ ಹಗರಣ, ಬಯಲುಸೀಮೆಯ ಜೋಕುಮಾರ ಮತ್ತು ಹಗಲುವೇಷ ಈ ಗುಂಪಿನವು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಕ್ರಿಸ್‌ಮಸ್ ಹೊತ್ತಿಗೆ ನಡೆಯುವ ಮಮ್ಮರ್ಸ್ ಆಟವೂ ಇದೇ ಜಾತಿಯದು.

ಕನ್ನಡದ ಜನಪದ ರಂಗಭೂಮಿಯ ಚರ್ಚೆ ಸಾಮಾನ್ಯವಾಗಿ ಮೂಡಲಪಾಯ, ಯಕ್ಷಗಾನ, ದೊಡ್ಡಾಟ, ಸಣ್ಣಾಟ, ತೊಗಲುಗೊಂಬೆಗಳ ಸುತ್ತಲೇ ಸುತ್ತುತ್ತದೆ. ಅಟ್ಟ ಕಟ್ಟಿ, ಚೌಕಿ ಹಾಕಿ, ರಾತ್ರಿಯಿಡೀ ಆಡಿದರೆ ಅದು ನಾಟಕ. ಹತ್ತು ನಿಮಿಷ ಅಂಗಳದಲ್ಲಿ ನಿಂತು ಹೋದರೆ ಅದು ‘ಕುಣಿತ’ ಅಥವಾ ‘ಪದ’. ಈ ವಿಂಗಡಣೆ ಸರಿಯಲ್ಲ. ಮನೆಬಾಗಿಲ ಆಟಗಳಿಗೂ ಪ್ರವೇಶವಿದೆ, ಪಾತ್ರವಿದೆ, ಸವಾಲು-ಜವಾಬಿದೆ, ಮುಕ್ತಾಯವಿದೆ. ವ್ಯತ್ಯಾಸವಿರುವುದು ಒಂದೇ ಕಡೆ: ಇಲ್ಲಿ ಪ್ರೇಕ್ಷಕ ಆಟದ ಹತ್ತಿರ ಹೋಗುವುದಿಲ್ಲ, ಆಟವೇ ಅವನ ಹೊಸ್ತಿಲಿಗೆ ಬರುತ್ತದೆ. ಬಂದ ಮೇಲೆ ಅವನು ಬರೀ ನೋಡುಗನಾಗಿ ಉಳಿಯುವಂತಿಲ್ಲ. ಬಾಗಿಲು ತೆಗೆಯುವುದು, ಎಣ್ಣೆ ಎರೆಯುವುದು, ಮೊರದಲ್ಲಿ ಅಕ್ಕಿ ತರುವುದು, ಇವೆಲ್ಲ ಆಟದ ಒಳಗಿನ ಕೆಲಸಗಳೇ.

ಭದ್ರಾವತಿಯ ಎರಡು ಮಗ್ಗುಲು

ಇಂಥ ಆಟಗಳ ಹರಹನ್ನು ತಿಳಿಯಲು ಶಿವಮೊಗ್ಗ ಜಿಲ್ಲೆಯ ಭದ್ರಾವತಿ ಒಳ್ಳೆಯ ತಾಣ. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿ ಈ ಊರಿದೆ. ಬೆಂಕಿಪುರ ಎನಿಸಿಕೊಂಡಿದ್ದ ಸಣ್ಣ ಊರು, ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ತೊಡಗಿದ ಮೇಲೆ ಪಟ್ಟಣವಾಯಿತು. 1930ರ ದಶಕದಲ್ಲಿ ಮೈಸೂರು ಕಾಗದ ಕಾರ್ಖಾನೆಯೂ ಬಂತು. ಜನ್ನಾಪುರದಂಥ ಬಡಾವಣೆಗಳ ಬೀದಿಗಳಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಮನೆಮಾತಿನವರು ಅಕ್ಕಪಕ್ಕದಲ್ಲಿ ಬಾಳುತ್ತಾರೆ. ಹೀಗೆ ಬೆಳೆದ ಊರಿನಲ್ಲಿ ಹಳ್ಳಿಯ ಹಾಗೆ ಎಲ್ಲ ಮನೆಗೂ ಬರುವ ಒಂದೇ ತಂಡ ಇರಲಾರದು. ಮೊಹರಂ, ದೀಪಾವಳಿ, ಕ್ರಿಸ್‌ಮಸ್, ಒಂದೊಂದಕ್ಕೂ ಬಾಗಿಲುಗಳೇ ಬೇರೆ.

ಆದರೆ ಊರು ದಾಟಿ ಪಡುವಣಕ್ಕೆ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ನಡೆದರೆ ಅಂಟಿಕೆ-ಪಂಟಿಕೆಯ ಸೀಮೆ. ಮೂಡಣಕ್ಕೆ ಚನ್ನಗಿರಿಯ, ಬಡಗಣಕ್ಕೆ ಹೊನ್ನಾಳಿಯ ದಿಕ್ಕು ಹಿಡಿದರೆ (ಇವೆರಡೂ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದವು) ಜೋಕುಮಾರನ ಬುಟ್ಟಿ ಹೊತ್ತ ಹೆಂಗಸರ ಸೀಮೆ.

ಅಂಟಿಕೆ-ಪಂಟಿಕೆ

ದೀಪಾವಳಿಯ ಬಲಿಪಾಡ್ಯಮಿಯ ರಾತ್ರಿ ತೊಡಗಿ ಸಾಮಾನ್ಯವಾಗಿ ಮೂರು ರಾತ್ರಿ ನಡೆಯುವ ಹಾಡುಮೇಳ ಇದು. ಅಂಟಿಗೆ-ಪಂಟಿಗೆ ಎಂದೂ ಕರೆಯುತ್ತಾರೆ. ‘ಹಬ್ಬ ಹಾಡುವುದು’ ಎಂದಷ್ಟೇ ಹೇಳುವ ಊರುಗಳೂ ಇವೆ. ಶಿವಮೊಗ್ಗ ಜಿಲ್ಲೆಯ ಮಲೆನಾಡಲ್ಲದೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯೂ ರೂಢಿಯಲ್ಲಿದೆ. ದೀವರು, ಒಕ್ಕಲಿಗರು ಮೊದಲಾದ ಬೇಸಾಯಗಾರ ಸಮುದಾಯಗಳ ಗಂಡಸರು ತಂಡ ಕಟ್ಟುತ್ತಾರೆ. ಎಂಟು ಹತ್ತು ಜನರಿಂದ ಹದಿನೈದರವರೆಗೂ ಇರಬಹುದು.

ಊರ ದೇವರ ಮುಂದೆ ಹಚ್ಚಿದ ದೀಪವನ್ನು ಒಬ್ಬ ಹಿಡಿದುಕೊಳ್ಳುತ್ತಾನೆ. ಮಲೆನಾಡಿನ ಮನೆಗಳು ಒತ್ತೊತ್ತಾಗಿ ಇರುವುದಿಲ್ಲ. ತೋಟ ಇಳಿದು, ಹಳ್ಳ ದಾಟಿ, ಗುಡ್ಡ ಹತ್ತಿದರೆ ಇನ್ನೊಂದು ಮನೆ. ಕಾರ್ತಿಕದ ಇಬ್ಬನಿಯಲ್ಲಿ, ಗಾಳಿಗೆ ಕೈ ಅಡ್ಡ ಹಿಡಿದು, ದೀಪ ಆರದಂತೆ ಕಾಯುವುದೇ ಒಂದು ಹೊಣೆ. ಅಂಗಳಕ್ಕೆ ಬಂದಾಗ ಮನೆಯ ಬಾಗಿಲು ಹಾಕಿಯೇ ಇರುತ್ತದೆ. ತಂಡ ಬರುತ್ತದೆಂದು ಮನೆಯವರಿಗೆ ಗೊತ್ತು, ಎಷ್ಟೋ ಸಲ ಎಚ್ಚರವಾಗಿಯೇ ಕಾದಿರುತ್ತಾರೆ. ಆದರೂ ಬಾಗಿಲು ತೆಗೆಯುವ ಪದ ಹಾಡಿದ ಮೇಲೆಯೇ ಅಗುಳಿ ಸರಿಯಬೇಕು. ಇಬ್ಬರು ಒಂದು ಸೊಲ್ಲು ಎತ್ತಿಕೊಟ್ಟರೆ ಉಳಿದವರು ಅದನ್ನೇ ಎಳೆದು ಹೇಳುತ್ತಾರೆ. ವಾದ್ಯಕ್ಕಿಂತ ಕೊರಳೇ ಇಲ್ಲಿ ಮುಖ್ಯ. ಕತ್ತಲಲ್ಲಿ ಆಚೆ ಗುಡ್ಡದ ಮನೆಗೂ ಕೇಳಿಸಬೇಕಾದ ಕೊರಳು ಅದು.

ಬಾಗಿಲು ತೆರೆದ ಮೇಲೆ ಮನೆಯ ಹೆಂಗಸು ದೀಪ ಬರಮಾಡಿಕೊಂಡು ಎಣ್ಣೆ ಎರೆಯುತ್ತಾಳೆ. ಬಂದ ದೀಪದಿಂದ ಮನೆಯ ದೀಪ ಹೊತ್ತಿಸಿಕೊಳ್ಳುವುದೂ ಉಂಟು. ಎಣ್ಣೆ ಎರೆಯುವುದಕ್ಕೂ ಪದವಿದೆ, ದೀಪವನ್ನು ಹೊಗಳುವುದಕ್ಕೂ ಇದೆ. ಬಲೀಂದ್ರನ ಕಥೆಯ ಹಾಡುಗಳು, ದನಕರು ಬೆಳೆ ಮನೆ ಮಕ್ಕಳನ್ನು ಹರಸುವ ಹಾಡುಗಳು ಮುಂದಿನವು. ಮನೆಯವರು ಪಟ್ಟಾಗಿ ಕೂತು ‘ಇನ್ನೊಂದು’ ಎಂದರೆ ಒಂದೇ ಮನೆಯಲ್ಲಿ ತಾಸು ಕಳೆಯುತ್ತದೆ. ಅವಸರದ ಮನೆಯಾದರೆ ಎರಡು ಪದಕ್ಕೆ ಮುಗಿಯುತ್ತದೆ. ಅಕ್ಕಿ, ಕಾಯಿ, ಎಲೆ-ಅಡಿಕೆ, ಹಣ, ಹಬ್ಬದ ತಿಂಡಿ ಕೊಟ್ಟು ಕಳಿಸುತ್ತಾರೆ. ಸೇರಿದ್ದರಲ್ಲಿ ಕೊನೆಗೆ ಊಟ ಮಾಡುವುದೋ ಊರ ದೇವಸ್ಥಾನದ ಕೆಲಸಕ್ಕೆ ಹಾಕುವುದೋ ತಂಡದವರ ತೀರ್ಮಾನ. ದಾರಿಯಲ್ಲಿ ಎರಡು ಊರಿನ ತಂಡಗಳು ಎದುರಾದರೆ ಹಾಡಿನಲ್ಲೇ ಸವಾಲು ಹುಟ್ಟುತ್ತದೆ.

ಇದಕ್ಕೆ ವೇಷವಿಲ್ಲ, ಹೆಗಲ ಮೇಲೊಂದು ಕಂಬಳಿ ಅಷ್ಟೆ. ಹಾಗಾದರೆ ಆಟ ಹೇಗಾದೀತು ಎಂಬ ಪ್ರಶ್ನೆ ಸಹಜ. ಆಟದ ನಾಯಕ ಬಲಿ; ಅವನ ಪಾತ್ರಧಾರಿ ದೀಪ. ವಾಮನನ ಪಾದ ತಲೆಯ ಮೇಲೆ ಬಿದ್ದು ಪಾತಾಳಕ್ಕೆ ಇಳಿದ ದೊರೆ ವರ್ಷಕ್ಕೊಮ್ಮೆ ಮೂರು ದಿನ ತನ್ನ ನೆಲ ನೋಡಲು ಬರುತ್ತಾನೆ ಎಂಬ ನಂಬಿಕೆಯನ್ನು ಮಾತಿನಲ್ಲಿ ಹೇಳಿ ಮುಗಿಸದೆ, ಬಾಗಿಲು ತಟ್ಟಿಸಿ, ಒಳಗೆ ಕರೆಸಿ, ಉಪಚರಿಸಿ ಕಳಿಸಿಕೊಡುವ ಕ್ರಮವಿದು. ಇದಕ್ಕೆ ತೀರ ಬೇರೆಯ ಮುಖವೂ ಅದೇ ಹಬ್ಬಕ್ಕಿದೆ. ಬೂರೆಗಳವಿನ ರಾತ್ರಿ ಹುಡುಗರು ನೆರೆಯವರ ಹಿತ್ತಲಿನ ಸೌತೆ, ಕುಂಬಳ ಎಗರಿಸುತ್ತಾರೆ, ಬೈಗುಳವೂ ಹಬ್ಬದ ಲೆಕ್ಕಕ್ಕೇ ಸೇರುತ್ತದೆ. ಹರಸಲು ಬರುವವರೂ ಕದಿಯಲು ಬರುವವರೂ ಬಹಳ ಕಡೆ ಅದೇ ಹುಡುಗರು ಎನ್ನುವುದನ್ನು ಸಂಗ್ರಹಕಾರರು ಬರೆಯುವುದು ಕಡಿಮೆ.

ಜೋಕುಮಾರ, ಹಗಲುವೇಷ

ಬಯಲುಸೀಮೆಯ ಜೋಕುಮಾರನದು ತಿರುವುಮುರುವಾದ ಕಥೆ. ಬಲಿ ಬಂದುಹೋಗುತ್ತಾನೆ, ಇವನು ಸಾಯುತ್ತಾನೆ. ಭಾದ್ರಪದ ಶುದ್ಧ ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಯ ಹೊತ್ತಿಗೆ ಸತ್ತುಹೋಗುವ ಈ ಮಣ್ಣಿನ ಮೂರ್ತಿಯನ್ನು ಬೇವಿನ ಸೊಪ್ಪಿನ ಬುಟ್ಟಿಯಲ್ಲಿಟ್ಟು, ಬಾಯಿಗೆ ಬೆಣ್ಣೆ ಸವರಿ, ಅಂಬಿಗ ಮೊದಲಾದ ಸಮುದಾಯಗಳ ಹೆಂಗಸರು ಮನೆಮನೆಗೆ ಹೊತ್ತು ಹಾಡುತ್ತಾರೆ. ಮನೆಯವರು ಕಾಳುಕಡಿ ಕೊಡುತ್ತಾರೆ. ಹೆಣ್ಣಿನ ಹಂಬಲಕ್ಕೆ ಬಿದ್ದು ಅಗಸರ ಕೈಯಲ್ಲಿ ಕೊಲೆಯಾದವನೆಂದು ಹಾಡಿನ ಕಥೆ. ಚೌತಿಗೆ ಬಂದ ಗಣಪ ಉಂಡು ಹೋಗಿ ‘ಭೂಮಿಯಲ್ಲಿ ಎಲ್ಲ ಸುಖ’ ಎಂದು ವರದಿ ಒಪ್ಪಿಸಿದರೆ, ಜನರ ನಿಜವಾದ ಕಷ್ಟ ಕಂಡು ಮಳೆ ತರಿಸುವವನು ಜೋಕುಮಾರನೇ ಎಂಬ ನಂಬಿಕೆ ರೈತರಲ್ಲಿದೆ. ಚಂದ್ರಶೇಖರ ಕಂಬಾರರು ಈ ಆಚರಣೆಯನ್ನೇ ಬುನಾದಿಯಾಗಿಸಿ 1972ರಲ್ಲಿ ‘ಜೋಕುಮಾರಸ್ವಾಮಿ’ ನಾಟಕ ಬರೆದರು. ಬುಟ್ಟಿಯಲ್ಲಿದ್ದ ನಾಟಕೀಯತೆಯನ್ನು ವಿದ್ವಾಂಸರಿಗಿಂತ ಮೊದಲು ನಾಟಕಕಾರ ಗುರುತಿಸಿದ ಎನ್ನಬೇಕು.

ಹಗಲುವೇಷದವರು ಊರಿನವರಲ್ಲ, ಹೊರಗಿನಿಂದ ಬರುವ ವೃತ್ತಿಗಾರರು. ಬುಡ್ಗ ಜಂಗಮ ಸಮುದಾಯದ ತಂಡಗಳು ಒಂದೂರಿನಲ್ಲಿ ಬಿಡಾರ ಹೂಡಿ, ದಿನಕ್ಕೊಂದು ಪ್ರಸಂಗದ ವೇಷ ಹಾಕಿ, ಹಾರ್ಮೋನಿಯಂ ತಬಲದೊಂದಿಗೆ ಬಿಸಿಲಲ್ಲೇ ಬೀದಿ ಸುತ್ತುತ್ತವೆ. ರಾತ್ರಿಯ ಮಬ್ಬು ಬೆಳಕಿನ ನೆರವಿಲ್ಲದೆ ನಡುಹಗಲಲ್ಲಿ ರಾಮನನ್ನೋ ಭೀಮನನ್ನೋ ನಂಬಿಸುವುದು ಸುಲಭದ ವಿದ್ಯೆಯಲ್ಲ. ವೇಷದಿಂದ ಹೊಟ್ಟೆ ಹೊರೆಯುವವರು ಕನ್ನಡನಾಡಿನಲ್ಲಿ ಹಳಬರು. 12ನೇ ಶತಮಾನದ ಶರಣರಲ್ಲಿ ಬಹುರೂಪಿ ಚೌಡಯ್ಯನೂ ನಗೆಯ ಮಾರಿತಂದೆಯೂ ಇದ್ದರು.

ಘಟ್ಟದ ಕೆಳಗೆ

ಹೂವಿನಕೋಲು ನವರಾತ್ರಿಯದು. ಉಡುಪಿ, ಕುಂದಾಪುರದ ಕಡೆ ಯಕ್ಷಗಾನ ಕಲಿಯುವ ಹುಡುಗರನ್ನು ಗುರುಗಳು ಮನೆಮನೆಗೆ ಕರೆದೊಯ್ಯುತ್ತಿದ್ದರು. ಹುಡುಗರು ಎದುರುಬದುರು ಕೂತು, ನಡುವೆ ಹೂವಿನಿಂದ ಸಿಂಗರಿಸಿದ ಕೋಲು ಇಟ್ಟುಕೊಳ್ಳುತ್ತಾರೆ. ಮೊದಲು ಮನೆಯನ್ನು ಹರಸುವ ಪದ್ಯ; ಆಮೇಲೆ ಭಾಗವತರ ಹಾಡು, ಮದ್ದಲೆ, ಒಂದು ಪ್ರಸಂಗದ ತುಣುಕು. ಇಬ್ಬರು ವೀರರು ಒಬ್ಬರನ್ನೊಬ್ಬರು ಕೆಣಕುವ ಸಂವಾದಗಳು ಇದಕ್ಕೆ ಚೆನ್ನಾಗಿ ಒಗ್ಗುತ್ತವೆ. ಕಾಲು ಗಂಟೆಯೊಳಗೆ ಕೃಷ್ಣನಿಗೂ ಅರ್ಜುನನಿಗೂ ಜಗಳ ಹತ್ತಿ ಇಳಿದು, ಅಕ್ಕಿ-ಕಾಯಿ ಚೀಲಕ್ಕೆ ಬಿದ್ದು, ಮುಂದಿನ ಮನೆ. ಈ ಬರಹದಲ್ಲಿ ಬರುವ ಕನ್ನಡದ ಆಟಗಳಲ್ಲಿ ಇಂಗ್ಲಿಷ್ ಮಮ್ಮರ್ಸ್ ಆಟಕ್ಕೆ ಅತಿ ಸಮೀಪದ್ದು ಹೂವಿನಕೋಲೇ. ನಿಂತೇಹೋಗಿದ್ದ ಪದ್ಧತಿಗೆ ಕೋಟ-ಸಾಲಿಗ್ರಾಮ ಸುತ್ತಿನ ಯಕ್ಷಗಾನ ಸಂಸ್ಥೆಗಳು ಮತ್ತೆ ಜೀವ ಕೊಟ್ಟಿವೆ. ಮಳೆಗಾಲದಲ್ಲಿ ದೊಡ್ಡ ಮೇಳಗಳ ತಿರುಗಾಟ ನಿಂತಾಗ ನಾಲ್ಕೈದು ಕಲಾವಿದರ ‘ಚಿಕ್ಕಮೇಳ’ ಮನೆಗಳಿಗೆ ಬರುವುದೂ ಇದೇ ಬಗೆಯದು. ಕಲಾವಿದರ ಮಳೆಗಾಲದ ಗಂಜಿಗೆ ಅದೇ ದಾರಿ.

ಆಟಿ ಕಳೆಂಜ ಜುಲೈ-ಆಗಸ್ಟ್‌ನ ಆಟಿ ತಿಂಗಳಲ್ಲಿ, ತುಳುನಾಡಿನಲ್ಲಿ ಕಾಳು ತೀರಿ ರೋಗ ಹೆಚ್ಚುವ ಹೊತ್ತಿನಲ್ಲಿ ಬರುತ್ತಾನೆ. ನಲಿಕೆ ಸಮುದಾಯದವನೊಬ್ಬ ಎಳೆ ತೆಂಗಿನ ಗರಿಯ ಉಡುಗೆ ತೊಟ್ಟು, ಮುಖಕ್ಕೆ ಬಣ್ಣ ಬಳಿದು, ತಾಳೆಗರಿಯ ಕೊಡೆ ತಿರುಗಿಸುತ್ತ, ತೆಂಬರೆಯ ಬಡಿತಕ್ಕೆ ಕುಣಿದು ಮಾರಿ ಕಳೆಯುತ್ತಾನೆ. ಸುಳ್ಯ, ಬೆಳ್ತಂಗಡಿ ಕಡೆ ಸುಗ್ಗಿ ತಿಂಗಳ ರಾತ್ರಿಗಳಲ್ಲಿ ಗೌಡರು ನಡೆಸುವ ಸಿದ್ಧವೇಷ ಅಥವಾ ಪುರುಷರ ಕುಣಿತದಲ್ಲಿ ಸನ್ಯಾಸಿ, ದಾಸಯ್ಯ, ಬ್ರಾಹ್ಮಣ ಮುಂತಾಗಿ ಪಾತ್ರಗಳ ದಂಡೇ ಅಂಗಳಕ್ಕಿಳಿದು ವಾದಿಸಿ ನಗಿಸುತ್ತದೆ. ಅಂಕೋಲೆಯ ಸುಗ್ಗಿ ಹಗರಣ, ಶಿರಸಿಯಲ್ಲಿ ಮಾರಿಜಾತ್ರೆ ಇಲ್ಲದ ವರ್ಷದ ಹೋಳಿಯಲ್ಲಿ ಬರುವ ಬೇಡರ ವೇಷ, ರಾಣೆಬೆನ್ನೂರಿನಲ್ಲಿ ಯಾರು ಏನು ಮಾಡಿದರೂ ನಗದೆ ಕೂರಬೇಕಾದ ಜೀವಂತ ರತಿ-ಕಾಮಣ್ಣ, ಇವು ಮನೆಗಿಂತ ಬೀದಿಯನ್ನು ನೆಚ್ಚಿದವು.

ಇಂಗ್ಲೆಂಡಿನ ಕ್ರಿಸ್‌ಮಸ್ ಆಟ

ಮಮ್ಮರ್ಸ್ ಆಟದ ಕಥೆ ಅಂಗೈಯಗಲ. ಕ್ರಿಸ್‌ಮಸ್ ಅಜ್ಜ ಮೊದಲು ಬಂದು ಜಾಗ ಬಿಡಿ ಎನ್ನುತ್ತಾನೆ. ಸಂತ ಜಾರ್ಜ್ (ಜಾರ್ಜ್ ಹೆಸರಿನ ಅರಸರು ಆಳಿದ ಕಾಲದಿಂದ ಕಿಂಗ್ ಜಾರ್ಜ್) ತನ್ನ ಪರಾಕ್ರಮ ಕೊಚ್ಚಿಕೊಳ್ಳುತ್ತಾನೆ. ತುರ್ಕಿ ಸರದಾರನೋ ಸ್ಲ್ಯಾಷರ್ ಎಂಬ ಭಂಟನೋ ಎದುರು ನಿಲ್ಲುತ್ತಾನೆ. ಮರದ ಕತ್ತಿಯ ಕಾದಾಟದಲ್ಲಿ ಒಬ್ಬ ಬೀಳುತ್ತಾನೆ. ವೈದ್ಯ ಬರುತ್ತಾನೆ, ತಾನು ಸುತ್ತಿದ ದೇಶಗಳ, ವಾಸಿ ಮಾಡಿದ ರೋಗಗಳ ಪಟ್ಟಿ ಒಪ್ಪಿಸಿ, ಫೀಸಿಗೆ ಚೌಕಾಸಿ ಮಾಡಿ, ಬಾಟಲಿಯಿಂದ ಒಂದು ಹನಿ ಬಿಡುತ್ತಾನೆ. ಸತ್ತವನು ಎದ್ದು ಕೂರುತ್ತಾನೆ. ಆಮೇಲೆ ಕಥೆಗೆ ಸಂಬಂಧವೇ ಇಲ್ಲದ ಕೆಲವರು ಒಬ್ಬೊಬ್ಬರಾಗಿ ನುಗ್ಗುತ್ತಾರೆ: ದೊಣ್ಣೆಯೂ ಬಾಣಲೆಯೂ ಹಿಡಿದ ಬೀಲ್ಜೆಬಬ್, ಪೊರಕೆ ಹಿಡಿದ ಪುಟ್ಟ ದೆವ್ವ. ಇವರ ಕೆಲಸ ಕಾಸು ಎತ್ತುವುದು. ಕೊಡದಿದ್ದರೆ ಮನೆ ಗುಡಿಸಿಹಾಕುವ ಬೆದರಿಕೆಯೂ ಉಂಟು. ಪ್ರತಿ ಪಾತ್ರವೂ ಬಂದೊಡನೆ ತಾನು ಯಾರೆಂದು ಸಾರುವುದು, ನಮ್ಮ ಬಯಲಾಟದಲ್ಲಿ ಸಾರಥಿ ಹೆಸರು ಕೇಳಿ ಹೇಳಿಸುವುದನ್ನು ಬಲ್ಲವರಿಗೆ ಹೊಸದಲ್ಲ.

ಎಲ್ಲ ಕಡೆಯೂ ಕ್ರಿಸ್‌ಮಸ್ಸಿಗೇ ಆಡುವುದಿಲ್ಲ. ಚೆಷೈರ್‌ನಲ್ಲಿ ನವೆಂಬರ್ ಮೊದಲ ವಾರದ ಸತ್ತವರ ಹಬ್ಬದ ಸುತ್ತ, ಲ್ಯಾಂಕಷೈರ್‌ನಲ್ಲಿ ಈಸ್ಟರ್‌ಗೆ, ಪೂರ್ವ ಮಿಡ್‌ಲ್ಯಾಂಡ್ಸ್‌ನಲ್ಲಿ ಜನವರಿಯ ನೇಗಿಲ ಸೋಮವಾರಕ್ಕೆ. ಆಡುತ್ತಿದ್ದವರು ಹೆಚ್ಚಾಗಿ ಹೊಲದ ಕೂಲಿಗಳು. ಚಳಿಗಾಲದಲ್ಲಿ ದುಡಿಮೆ ಕಡಿಮೆ. ದೊಡ್ಡಮನೆಗಳ ಅಡುಗೆಕೋಣೆಯಲ್ಲಿ ಆಡಿದರೆ ಬಿಯರು, ತಿಂಡಿ, ನಾಲ್ಕು ಕಾಸು. ಥಾಮಸ್ ಹಾರ್ಡಿಯ 1878ರ ಕಾದಂಬರಿ ‘ದಿ ರಿಟರ್ನ್ ಆಫ್ ದಿ ನೇಟಿವ್’ನಲ್ಲಿ ನಾಯಕಿ ಯೂಸ್ಟೇಶಿಯಾ ಗಂಡುಡುಗೆ ತೊಟ್ಟು ತುರ್ಕಿ ಸರದಾರನಾಗಿ ಈ ಆಟದಲ್ಲಿ ಸೇರಿಕೊಳ್ಳುತ್ತಾಳೆ. ಗ್ಲಾಸ್ಟರ್‌ಷೈರ್‌ನ ಮಾರ್ಷ್‌ಫೀಲ್ಡ್‌ನಲ್ಲಿ ಆಟ ನಿಂತುಹೋಗಿತ್ತು. ಪಾದ್ರಿಯ ಮನೆಯ ಮಾಲಿ ಹಳೆಯ ಸಾಲೊಂದನ್ನು ಗೊಣಗಿದ್ದು ಕಿವಿಗೆ ಬಿದ್ದು, ಪಾದ್ರಿಯ ಸೋದರಿ, ಜಾನಪದ ವಿದ್ವಾಂಸೆ ವಯಲೆಟ್ ಆಲ್ಫರ್ಡ್, ಬದುಕಿದ್ದ ಹಳಬರನ್ನು ಹಿಡಿದು 1930ರ ದಶಕದಲ್ಲಿ ಮತ್ತೆ ಆಡಿಸಿದರು. ಅಲ್ಲಿನ ತಂಡ ಮೈತುಂಬ ಕಾಗದದ ಪಟ್ಟಿ ತೂಗಿಬಿಟ್ಟುಕೊಂಡು ಇಂದಿಗೂ ಡಿಸೆಂಬರ್ 26ರಂದು ಬೀದಿಗಿಳಿಯುತ್ತದೆ.

ಮೂಲದ ಜಗಳ

ಸತ್ತವನು ಏಳುವುದನ್ನು ಕಂಡ ಕೂಡಲೇ ಅದು ಸತ್ತು ಹುಟ್ಟುವ ಪ್ರಕೃತಿಯ ಕಥೆ, ಕ್ರೈಸ್ತಪೂರ್ವ ಫಲವಂತಿಕೆಯ ಆರಾಧನೆಯ ಪಳೆಯುಳಿಕೆ ಎಂದು ಜೇಮ್ಸ್ ಫ್ರೇಜರ್‌ನ ಪ್ರಭಾವದ ವಿದ್ವಾಂಸರು ಬಹುಕಾಲ ಹೇಳಿದರು. ಇ. ಕೆ. ಚೇಂಬರ್ಸ್ 1933ರಲ್ಲಿ ಬರೆದ ಇಂಗ್ಲಿಷ್ ಜನಪದ ನಾಟಕದ ಪುಸ್ತಕವೂ ಆ ಜಾಡಿನದೇ. ಆದರೆ ಈ ಆಟದ ಪಠ್ಯಗಳು ಸಿಗತೊಡಗುವುದು 18ನೇ ಶತಮಾನದಿಂದ. 19ನೇ ಶತಮಾನದಲ್ಲಿ ಅಗ್ಗದ ಮುದ್ರಿತ ಪುಸ್ತಿಕೆಗಳೇ ಅದನ್ನು ಊರೂರಿಗೆ ಹಬ್ಬಿಸಿದವು. ವೇಷ ಹಾಕಿ ಮನೆಗೆ ನುಗ್ಗುವ ಚಟ ಮಾತ್ರ ಹಳೆಯದು. ಮುಖ ಮುಚ್ಚಿಕೊಂಡು ತಿರುಗುವವರ ವಿರುದ್ಧ 8ನೇ ಹೆನ್ರಿಯ ಆಳ್ವಿಕೆಯಲ್ಲೇ ಕಾನೂನು ಬಂದಿತ್ತು. ಈಗಿನ ಸಂಶೋಧಕರಲ್ಲಿ ಹೆಚ್ಚಿನವರು ಪ್ರಾಚೀನ ಮತಾಚರಣೆಯ ವಾದವನ್ನು ಒಪ್ಪುವುದಿಲ್ಲ.

ಕನ್ನಡ ಜಾನಪದ ಬರಹಗಳಲ್ಲೂ ‘ಫಲವಂತಿಕೆ’ ಎಂಬ ಮುದ್ರೆ ಸಿಕ್ಕಸಿಕ್ಕಲ್ಲಿ ಬಿದ್ದಿದೆ. ಜೋಕುಮಾರನಿಗೆ ಅದು ಸಲ್ಲುತ್ತದೆ, ಏಕೆಂದರೆ ಹಾಡುವವರೇ ಮಳೆ-ಬೆಳೆಯ ಮಾತಾಡುತ್ತಾರೆ. ಬೇಡರ ವೇಷಕ್ಕೆ, ಹಗರಣಕ್ಕೆ ಅದನ್ನು ಅಂಟಿಸಲು ಆಧಾರ ಸಾಲದು. ಆಡುವವರು ಹೇಳುವ ಕಾರಣಕ್ಕಿಂತ ಪುಸ್ತಕದ ಕಾರಣ ದೊಡ್ಡದಾಗಬಾರದು.

ಬಣ್ಣ, ಜಾತಿ

ಈ ಆಟಗಳು ನಗಿಸಲು ಯಾರನ್ನು ಬಳಸಿಕೊಂಡವು ಎಂಬ ಪ್ರಶ್ನೆ ಎರಡೂ ಕಡೆ ಎದ್ದಿದೆ. ಇಂಗ್ಲೆಂಡಿನಲ್ಲಿ ಗುರುತು ಸಿಗದಿರಲೆಂದು ಮುಖಕ್ಕೆ ಮಸಿ ಬಳಿಯುವ ರೂಢಿಯಿತ್ತು. ಕರಿಯರನ್ನು ಅಣಕಿಸುವಂತಿದೆ ಎಂಬ ಆಕ್ಷೇಪಕ್ಕೆ ಓಗೊಟ್ಟು 2020ರಲ್ಲಿ ಅಲ್ಲಿನ ಮಾರಿಸ್ ಎಂಬ ಜನಪದ ಕುಣಿತದ ಸಂಘಗಳು ಪೂರ್ತಿ ಕಪ್ಪು ಬಣ್ಣ ಕೈಬಿಡಲು ತೀರ್ಮಾನಿಸಿದವು. ಕರಾವಳಿಯಲ್ಲಿ ಹಬ್ಬಗಳ ಹೊತ್ತಿಗೆ ಬೇರೆ ಜಾತಿಯವರು ಮಸಿ ಬಳಿದುಕೊಂಡು ‘ಕೊರಗ ವೇಷ’ ಹಾಕುವುದನ್ನು ಕೊರಗರು ಅವಮಾನವೆಂದು ಪ್ರತಿಭಟಿಸಿದ್ದಾರೆ. ಅವರ ಮೇಲಿನ, ‘ಅಜಲು’ ಎನ್ನುವ ಅಮಾನುಷ ಪದ್ಧತಿಗಳನ್ನು ತಡೆಯಲು ಕರ್ನಾಟಕ 2000ದಲ್ಲಿ ಅಜಲು ನಿಷೇಧ ಕಾಯ್ದೆ ತಂದಿತು. ಆಟಿ ಕಳೆಂಜನ ಮಾತೂ ಸರಳವಲ್ಲ. ಅಂಗಳದಲ್ಲಿ ನಿಂತು ಸೇರಕ್ಕಿ ಪಡೆಯುವ ಕೆಲಸವನ್ನು ನಲಿಕೆಯವರ ಮಕ್ಕಳು ಬೇಡವೆಂದರೆ ಅದನ್ನು ಸಂಸ್ಕೃತಿಯ ನಾಶ ಎಂದು ಗೋಳಾಡುವ ಹಕ್ಕು ಅಕ್ಕಿ ಕೊಡುತ್ತಿದ್ದ ಮನೆಯವರಿಗಿಲ್ಲ. ಅದೇ ಕಳೆಂಜ ಈಗ ‘ಆಟಿಡೊಂಜಿ ದಿನ’ ಎಂಬ ಕಾರ್ಯಕ್ರಮಗಳ ವೇದಿಕೆಯಲ್ಲಿ ಕುಣಿಯುತ್ತಾನೆ.

ಕರ್ನಾಟಕದ ಕ್ರಿಸ್‌ಮಸ್

ಇಂಗ್ಲಿಷರು ಆಳಿದರೂ ಸಂತ ಜಾರ್ಜನ ಆಟ ಕನ್ನಡದ ಕ್ರೈಸ್ತರಲ್ಲಿ ಬೇರೂರಲಿಲ್ಲ. ಮನೆಭೇಟಿ ಬೇರೆ ರೂಪದಲ್ಲಿ ಬಂತು. ಡಿಸೆಂಬರ್‌ನಲ್ಲಿ ಚರ್ಚಿನ ಯುವಕರ ಕ್ಯಾರೊಲ್ ತಂಡ ಗಿಟಾರು, ಡ್ರಮ್ಮು ಹಿಡಿದು, ಕೆಂಪು ನಿಲುವಂಗಿಯ ಕ್ರಿಸ್‌ಮಸ್ ತಾತನೊಡನೆ ಮನೆಗಳಿಗೆ ಬಂದು, ಹಾಡಿ, ಪ್ರಾರ್ಥಿಸಿ, ಕಾಣಿಕೆ ಪಡೆದು ಹೋಗುತ್ತದೆ. ಮನೆಯವರು ಕೇಕು, ಕಜ್ಜಾಯ ಕೊಡುತ್ತಾರೆ. ಮನೆಯೊಳಗೆ ಗೋದಲಿ ಸಿದ್ಧವಾಗಿರುತ್ತದೆ. ನಾಟಕದ ಬಯಕೆಗೆ ಕನ್ನಡ ಕ್ರೈಸ್ತರು ಆರಿಸಿಕೊಂಡ ಕಾಲ ಶುಭಶುಕ್ರವಾರದ್ದು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಊರವರೇ ಆಡುವ ಕ್ರಿಸ್ತನ ಯಾತನೆಯ ‘ಮಹಿಮೆ’ ನಾಟಕಕ್ಕೆ ನೂರಕ್ಕೂ ಹೆಚ್ಚು ವರ್ಷದ ಇತಿಹಾಸವಿದೆ.

ದಾಖಲೆಯ ಕೆಲಸ

ಅಂಟಿಕೆ-ಪಂಟಿಕೆ ಅಳಿದಿಲ್ಲ. ಬೆಂಗಳೂರು ಸೇರಿದ ಹುಡುಗರು ಹಬ್ಬಕ್ಕೆ ಊರಿಗೆ ಬಂದಾಗ ತಂಡ ತುಂಬುತ್ತದೆ. ಟಾರ್ಚು, ಜೀಪು ಬಂದಿವೆ. ಮೂರು ರಾತ್ರಿಯದು ಒಂದಕ್ಕಿಳಿದ ಊರುಗಳಿವೆ. ಹಾಡುಗಳ ಸಂಗ್ರಹ ಸಾಕಷ್ಟು ಆಗಿದೆ. ಆಗದೇ ಉಳಿದಿರುವುದು ಹಾಡುಗಳ ನಡುವಿನ ಭಾಗ: ಬಾಗಿಲ ಆಚೀಚೆ ನಡೆಯುವ ಮಾತು, ಕೀಟಲೆ, ಎಣ್ಣೆ ಕಡಿಮೆಯಾಯಿತೆಂಬ ತಕರಾರು, ಯಾವ ಮನೆಗೆ ಮೊದಲು ಹೋಗಬೇಕೆಂಬ ಲೆಕ್ಕ, ಯಾವ ಮನೆಗೆ ಹೋಗುವುದಿಲ್ಲ ಎಂಬ ಗುಟ್ಟು. ಆಟವಿರುವುದೇ ಅಲ್ಲಿ. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲೇ ಇದೆ, ಕನ್ನಡ ಓದುವ ಮಲೆನಾಡಿನ ಹುಡುಗ ಹುಡುಗಿಯರು ಅಲ್ಲಿದ್ದಾರೆ, ದೀಪಾವಳಿಗೆ ಅವರು ಮನೆಗೆ ಹೋಗಿಯೇ ಹೋಗುತ್ತಾರೆ. ಈ ಸಲ ಮೊಬೈಲನ್ನು ಹಾಡು ಶುರುವಾದಾಗಲ್ಲ, ನಾಯಿ ಬೊಗಳಿದಾಗಲೇ ಆನ್ ಮಾಡಿ, ತಂಡ ತಡಮೆ ದಾಟುವವರೆಗೂ ಬಿಡಲಿ.